ಓಗೊಡುವ ನೆಲ: ಕಾಕನಕೋಟೆ ಸೀಮೆಯ ಕಥನಗಳಲ್ಲಿ ಭೂಮಿಯ ಸಜೀವತೆ

ಆಧುನಿಕ ಕನ್ನಡ ಸಾಹಿತ್ಯದಲ್ಲಿ ಮನುಷ್ಯ ಮತ್ತು ನಿಸರ್ಗದ ಸಂಬಂಧವನ್ನು ಕುರಿತು ಇದುವರೆಗೆ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಮಲೆನಾಡನ್ನು ಕೇಂದ್ರವಾಗಿರಿಸಿಕೊಂಡಿದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943), ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) – ಈ ಮೂರು ಕೃತಿಗಳ ಸುತ್ತಲೇ ನಮ್ಮ ಪರಿಸರ ವಿಮರ್ಶೆಯ ಪರಿಭಾಷೆಯು ರೂಪುಗೊಂಡಿದೆ ಎಂದರೆ ತಪ್ಪಾಗಲಾರದು. ಇದು ಸಹಜವೂ ಹೌದು. ಆದರೆ ಕಾಡು ಮುಗಿದು ಹೊಲ ಆರಂಭವಾಗುವ ಅಂಚಿನ ಪ್ರದೇಶಗಳಲ್ಲಿ ಹುಟ್ಟಿದ, ಅಥವಾ ಆ ಪ್ರದೇಶಗಳನ್ನು ಕುರಿತು ಹುಟ್ಟಿದ ಕಥನಗಳು ಇದರಿಂದಾಗಿ ಹಿನ್ನೆಲೆಗೆ ಸರಿದಿವೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು (ಇತ್ತೀಚಿನ ವರ್ಷಗಳಲ್ಲಿ ಇವುಗಳಿಂದ ಸರಗೂರು, ಸಾಲಿಗ್ರಾಮಗಳು ಬೇರೆ ತಾಲ್ಲೂಕುಗಳಾಗಿವೆ) ಅಂತಹ ಅಂಚಿನ ಸೀಮೆ. ಪಶ್ಚಿಮಕ್ಕೆ ನಾಗರಹೊಳೆಯ ಅರಣ್ಯ, ಪೂರ್ವಕ್ಕೆ ಕಾವೇರಿಯ ಗದ್ದೆಬಯಲು, ನಡುವೆ ಲಕ್ಷ್ಮಣತೀರ್ಥ, ದಕ್ಷಿಣಕ್ಕೆ ಕಪಿಲೆ. ಇಲ್ಲಿ ಕಾಡು ಎಂಬುದು ಊರಿನ ಸೌಂದರ್ಯಾನುಭವವಲ್ಲ. ಪಕ್ಕದ ಮನೆಯ ವ್ಯವಹಾರ.

ಭೂಮಿಯನ್ನು ಜೀವಂತವೆಂದು ಭಾವಿಸುವ ಕಲ್ಪನೆ ನಮಗೆ ಹೊಸದಲ್ಲ. ಅಥರ್ವವೇದದ ಭೂಮಿಸೂಕ್ತದಲ್ಲಿ ಭೂಮಿ ತಾಯಿ, ಮನುಷ್ಯ ಮಗ. ಆದರೆ ಆ ಸೂಕ್ತದ ಕವಿ ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಭಾಷಣಕಾರರು ಮರೆಯುತ್ತಾರೆ. ತಾನು ಅಗೆದದ್ದು ಬೇಗನೆ ಮತ್ತೆ ಚಿಗುರಲಿ, ಅಗೆಯುವಾಗ ಭೂಮಿಯ ಮರ್ಮಕ್ಕೆ ಪೆಟ್ಟಾಗದಿರಲಿ ಎಂಬ ಅಳುಕು ಅಲ್ಲಿದೆ. ತಾಯ್ತನದ ರೂಪಕಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಇಪ್ಪತ್ತನೆಯ ಶತಮಾನದ ನಮ್ಮ ಭಾವಗೀತೆ, ನಾಡಗೀತೆಗಳಿಗೆ ಬರುವ ವೇಳೆಗೆ ರೂಪಕ ಉಳಿದು ಷರತ್ತು ಕಳಚಿತು. ತಾಯಿಯನ್ನು ಮಗ ಸಂಬೋಧಿಸುತ್ತಾನೆ, ಸ್ತುತಿಸುತ್ತಾನೆ. ತಾಯಿ ಕರೆಯುವುದಾಗಲಿ, ಮಗ ಓಗೊಡಬೇಕಾಗುವುದಾಗಲಿ ಇಲ್ಲ. ಸಂಬೋಧನೆ ಏಕಮುಖವಾದಾಗ ಭೂಮಿಯ ಸಜೀವತೆ ಅಲಂಕಾರವಾಗಿಬಿಡುತ್ತದೆ. ಆದ್ದರಿಂದ ಒಂದು ಕೃತಿಯಲ್ಲಿ ನೆಲ ಜೀವಂತವಾಗಿದೆಯೇ ಎಂಬುದನ್ನು ಅರಿಯಲು ಅಲ್ಲಿ ಎಷ್ಟು ನಿಸರ್ಗವರ್ಣನೆಯಿದೆ ಎಂದು ಎಣಿಸುವುದಕ್ಕಿಂತ (ಹೀಗೆ ಎಣಿಸಿ ಪದವಿ ಪಡೆದ ಸಂಶೋಧನೆಗಳು ನಮ್ಮಲ್ಲಿ ಸಾಕಷ್ಟಿವೆ) ಯಾರು ಯಾರನ್ನು ಕರೆಯುತ್ತಾರೆ, ಯಾರು ಓಗೊಡುತ್ತಾರೆ ಎಂದು ಕೇಳುವುದು ಹೆಚ್ಚು ಫಲಪ್ರದವೆಂದು ತೋರುತ್ತದೆ.

ಪಾಶ್ಚಾತ್ಯ ಕಥನದಿಂದ ಒಂದು ಉದಾಹರಣೆಯನ್ನು ಹೋಲಿಕೆಗಾಗಿ ನೋಡಬಹುದು. ಆರ್ಥರ್ ಕಾನನ್ ಡಾಯ್ಲ್ 1928ರಲ್ಲಿ ಪ್ರಕಟಿಸಿದ, ಜಗತ್ತು ಚೀರಿದ ಪ್ರಸಂಗವನ್ನು ಹೇಳುವ ಕಥೆಯಲ್ಲಿ ಪ್ರೊಫೆಸರ್ ಚಾಲೆಂಜರ್‌ನ ಪ್ರಕಾರ ಭೂಮಿಯು ಕಡಲಮುಳ್ಳಿನಂತಹ ಒಂದು ಬೃಹತ್ ಜೀವಿ. ತನ್ನ ಮೈಮೇಲೆ ಮನುಷ್ಯರೆಂಬವರು ಇದ್ದಾರೆಂಬುದೇ ಅದಕ್ಕೆ ತಿಳಿಯದು. ಆ ಉಪೇಕ್ಷೆಯನ್ನು ಸಹಿಸಲಾರದ ಆತ ಮೈಲಿಗಟ್ಟಲೆ ಆಳಕ್ಕೆ ಸುರಂಗ ತೋಡಿಸಿ ಅದರ ಮೃದುಮಾಂಸವನ್ನು ಚುಚ್ಚಿಸುತ್ತಾನೆ; ಭೂಮಿ ಚೀರುತ್ತದೆ. ಜೇಮ್ಸ್ ಲವ್‌ಲಾಕ್ 1970ರ ದಶಕದಲ್ಲಿ ಲಿನ್ ಮಾರ್ಗುಲಿಸ್ ಅವರೊಡನೆ ಬೆಳೆಸಿದ ‘ಗಾಯಾ’ ಪ್ರಮೇಯವು ವೈಜ್ಞಾನಿಕ ನೆಲೆಯಲ್ಲಿ ಬೇರೆಯದೇ ಮಾತನ್ನು ಹೇಳುತ್ತದೆ: ಜೀವಿಗಳು, ವಾಯುಮಂಡಲ, ಸಾಗರ, ಶಿಲೆಗಳು ಸೇರಿ ತಮ್ಮನ್ನು ತಾವೇ ನಿಯಂತ್ರಿಸಿಕೊಳ್ಳುವ ಒಂದು ವ್ಯವಸ್ಥೆಯಾಗುತ್ತವೆ. ಆ ಪ್ರಮೇಯಕ್ಕೆ ಗ್ರೀಕ್ ಭೂದೇವಿಯ ಹೆಸರನ್ನು ಸೂಚಿಸಿದವರು ಕಾದಂಬರಿಕಾರ ವಿಲಿಯಂ ಗೋಲ್ಡಿಂಗ್ ಎಂಬುದು ಇಲ್ಲಿ ಸ್ವಾರಸ್ಯಕರ. ಆದರೆ ಡಾಯ್ಲ್‌ನ ಜೀವಿಗೂ ಲವ್‌ಲಾಕ್‌ನ ವ್ಯವಸ್ಥೆಗೂ ಒಂದು ಸಾಮ್ಯವಿದೆ. ಎರಡಕ್ಕೂ ನಮ್ಮ ಹೆಸರು ಗೊತ್ತಿಲ್ಲ.

ಶ್ರೀಕೃಷ್ಣ ಆಲನಹಳ್ಳಿ (1947–1989) ಅವರ ‘ಕಾಡು’ ಕಾದಂಬರಿಯಲ್ಲಿ ಕಾಡಿಗೆ ನಮ್ಮ ಹೆಸರು ಗೊತ್ತು. ಮನುಷ್ಯರನ್ನು ಹೆಸರು ಹಿಡಿದು ಕೂಗಿ ಸಾವಿಗೆ ಸೆಳೆಯುವ ಹಕ್ಕಿಯೊಂದು ಅಲ್ಲಿದೆಯೆಂಬ ನಂಬಿಕೆ ಬಾಲಕ ಕಿಟ್ಟಿಯ ಪ್ರಜ್ಞೆಯನ್ನು ಆವರಿಸಿದೆ. ಎರಡು ಹಳ್ಳಿಗಳು, ನಡುವೆ ಕಾಡು. ಒಂದರಲ್ಲಿ ಚಂದ್ರೇಗೌಡನ ಹೆಂಡತಿ ಕಮಲಿ, ಇನ್ನೊಂದರಲ್ಲಿ ಅವನ ಪ್ರೇಯಸಿ ಬಸಕ್ಕ. ಈ ಕೃತಿಯನ್ನು ಗ್ರಾಮೀಣ ಹಿಂಸೆಯ, ಊಳಿಗಮಾನ್ಯ ದ್ವೇಷದ ಕಥೆಯಾಗಿ ಓದುವ ರೂಢಿ ನವ್ಯ ವಿಮರ್ಶೆಯ ಕಾಲದಿಂದಲೂ ಬಂದಿದೆ. ಕಾಡನ್ನು ಒಳಮನಸ್ಸಿನ ಸಂಕೇತವೆಂದು ಅರ್ಥೈಸುವುದು ಅದರ ಇನ್ನೊಂದು ಮುಖ: ಊರಿನ ಕಾಮಕ್ರೋಧಗಳೇ ಕಾಡಾಗಿ ಮೂರ್ತಿಗೊಂಡಿವೆ ಎಂಬ ವಾದ. 1973ರಲ್ಲಿ ಗಿರೀಶ ಕಾರ್ನಾಡರು ಇದನ್ನು ಚಲನಚಿತ್ರವಾಗಿಸಿದ ಮೇಲೆ ಈ ಸಾಂಕೇತಿಕ ಓದು ಇನ್ನಷ್ಟು ಗಟ್ಟಿಯಾಯಿತು.

ಈ ಓದು ಸುಳ್ಳಲ್ಲ. ಆದರೆ ಅದು ಕಾಡನ್ನು ಬರಿದು ಮಾಡುತ್ತದೆ. ಕಾಡು ಕೇವಲ ಮನಸ್ಸಿನ ಪ್ರತಿಬಿಂಬವಾದರೆ ಹಕ್ಕಿ ಕೂಗಿದ್ದು ಕಿಟ್ಟಿಯ ಭಯವೇ ಹೊರತು ಹಕ್ಕಿಯಲ್ಲ. ಕಾದಂಬರಿಯ ನಿರೂಪಣೆ ಹಾಗೆ ನಿರ್ಧರಿಸಲು ನಮಗೆ ಅವಕಾಶ ಕೊಡುವುದಿಲ್ಲ ಎಂಬುದೇ ಅದರ ಶಕ್ತಿ. ಹುಡುಗನಿಗೆ ಊರಿನ ಹಿಂಸೆ ಅರ್ಥವಾಗುವುದಿಲ್ಲ, ಕಾಡಿನ ಕೂಗು ಅರ್ಥವಾಗುತ್ತದೆ. ದೊಡ್ಡವರು ಕಾಡನ್ನು ರಾತ್ರಿ ಹಾದುಹೋಗುವ ದಾರಿಯಾಗಿ, ಅಡಗುವ ಮರೆಯಾಗಿ ಬಳಸುತ್ತಾರೆ. ಅದಕ್ಕೆ ಕಿವಿಗೊಡುವವನು ಅವನೊಬ್ಬನೇ. ಈ ಕೂಗಿನಲ್ಲಿ ತಾಯ್ತನವಿಲ್ಲ, ವಾತ್ಸಲ್ಯವಿಲ್ಲ. ಓಗೊಟ್ಟರೆ ಅಪಾಯವಿದೆ. ಆದರೂ ಡಾಯ್ಲ್‌ನ ಪ್ರೊಫೆಸರ್ ಇಡೀ ಸುರಂಗ ತೋಡಿ ಪಡೆಯಲೆತ್ನಿಸಿದ ಗುರುತಿಸುವಿಕೆ ಈ ಸೀಮೆಯ ಮಗುವೊಂದಕ್ಕೆ ಹುಟ್ಟಿನಿಂದಲೇ ದೊರೆತಿದೆ. ನಮ್ಮ ಪರಿಸರ ವಿಮರ್ಶೆಯು ನಿಸರ್ಗದೊಡನೆ ಸಾಮರಸ್ಯ ಎಂಬ ಪದವನ್ನು ಬಹಳ ಸುಲಭವಾಗಿ ಬಳಸುತ್ತದೆ. ‘ಕಾಡು’ ತೋರಿಸುವ ಸಂಬಂಧ ಸಾಮರಸ್ಯದ್ದಲ್ಲ, ಪರಿಚಯದ್ದು. ಪರಿಚಿತರ ನಡುವೆಯೇ ಭಯವೂ ಹೆಚ್ಚು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ (1938) ನಾಟಕದಲ್ಲಿ ಕರೆ–ಓಗೊಡುವಿಕೆಯ ಪ್ರಶ್ನೆ ಬೇರೊಂದು ಸ್ತರದಲ್ಲಿ ಎದುರಾಗುತ್ತದೆ. ಮೈಸೂರಿನ ಅರಸೊತ್ತಿಗೆ, ಕೋಟೆಯ ಹೆಗ್ಗಡೆ, ಕಾಡಿನ ಕುರುಬರು – ಈ ಮೂವರ ನಡುವಿನ ವ್ಯವಹಾರವೇ ನಾಟಕದ ವಸ್ತು. ಕಾಡಿನವರ ನಾಯಕ ಕಾಚ ನಮ್ಮ ನಾಟಕ ಸಾಹಿತ್ಯದ ಘನವಾದ ಪಾತ್ರಗಳಲ್ಲಿ ಒಬ್ಬ. ಗಿರಿಜನನನ್ನು ಮುಗ್ಧನನ್ನಾಗಿ ಚಿತ್ರಿಸುವ ಆ ಕಾಲದ ಸಾಮಾನ್ಯ ಪ್ರವೃತ್ತಿಗೆ ವಿರುದ್ಧವಾಗಿ ಮಾಸ್ತಿಯವರು ಅವನಿಗೆ ರಾಜಕೀಯ ವಿವೇಕವನ್ನು ಕೊಟ್ಟಿದ್ದಾರೆ. ಕಾಡಿನ ಜನ ಒಬ್ಬರನ್ನೊಬ್ಬರು ಕರೆದು ನೇಸರನನ್ನು ತೋರಿಸುವ ಹಾಡು, ಕರಿಹೈದನನ್ನು ನೆನೆಯುವ ಹಾಡು ಇವೆಲ್ಲ ಅಲಂಕಾರಕ್ಕಾಗಿ ಬಂದವಲ್ಲ. ಆ ಲೋಕದಲ್ಲಿ ಬೆಳಗು ತಾನಾಗಿ ಆಗುವುದಿಲ್ಲ, ಅದನ್ನು ಬರಮಾಡಿಕೊಳ್ಳಬೇಕು. ಸಿ. ಅಶ್ವಥ್ ಅವರ ರಾಗಸಂಯೋಜನೆಯಿಂದ ಈ ಹಾಡುಗಳು ನಾಡಿನ ಉದ್ದಗಲಕ್ಕೂ ಹಬ್ಬಿದವು. ಹಾಡಿದವರಲ್ಲಿ ಎಷ್ಟು ಜನ ನಾಟಕವನ್ನು ಓದಿದ್ದರು ಎಂಬುದು ಬೇರೆ ಮಾತು.

ಇಷ್ಟಾಗಿಯೂ ನಾಟಕಕ್ಕೆ ಒಂದು ಮಿತಿಯಿದೆ. ಅದನ್ನು ಬರೆದಾಗ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದರು. ಅಧಿಕಾರಿಯ ನ್ಯಾಯಪ್ರಜ್ಞೆ ಅವರದು: ಕಾಡಿನವರ ಸಂಕಟಕ್ಕೆ ಕಾರಣ ನಡುವಣ ಅಧಿಕಾರದ ದರ್ಪ, ಮೇಲಿನ ಅರಸು ಕಿವಿಗೊಟ್ಟರೆ ಪರಿಹಾರವುಂಟು. ಹೀಗಾಗಿ ನೆಲದ ಕರೆಯು ಅರ್ಜಿಯಾಗಿ ಮಾರ್ಪಡುತ್ತದೆ. ಓಗೊಡಬೇಕಾದವನು ಪ್ರಭುವೇ ಹೊರತು ಕಾಡಲ್ಲ. ಸಜೀವವಾದ ಭೂಮಿಯಲ್ಲಿ ಬಾಳುವವರು ತಮ್ಮ ಬದುಕಿಗೆ ಬೇರೊಬ್ಬರ ಅಪ್ಪಣೆಯನ್ನು ಏಕೆ ಪಡೆಯಬೇಕು ಎಂಬ ಪ್ರಶ್ನೆಯನ್ನು ಅವರ ಸಮನ್ವಯದೃಷ್ಟಿ ಕೇಳಿಸಿಕೊಂಡಂತಿಲ್ಲ.

ಆ ಪ್ರಭುತ್ವವು ಇದೇ ಕಾಕನಕೋಟೆಯಲ್ಲಿ ಏನು ಮಾಡುತ್ತಿತ್ತು ಎಂಬುದಕ್ಕೆ ಖೆಡ್ಡಾ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ 70ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಪದ್ಧತಿಯನ್ನು ಯಶಸ್ವಿಯಾಗಿಸಿದವನು ಜಿ. ಪಿ. ಸ್ಯಾಂಡರ್ಸನ್. ಮುಂದೆ ಕಾಕನಕೋಟೆಯ ಖೆಡ್ಡಾ ರಾಜಾತಿಥಿಗಳ ವಿನೋದವಾಯಿತು. ಕೊನೆಯದು ನಡೆದದ್ದು 1971ರಲ್ಲಿ. ಕಾಡನ್ನು ಬಲ್ಲ ಕುರುಬರ ಅರಿವಿಲ್ಲದೆ ಖೆಡ್ಡಾ ಸಾಧ್ಯವಿರಲಿಲ್ಲ. ರಡ್ಯಾರ್ಡ್ ಕಿಪ್ಲಿಂಗ್ 1894ರ ‘ಜಂಗಲ್ ಬುಕ್’ನಲ್ಲಿ ಬರೆದ ಬಾಲಕ ತೂಮಾಯಿಯ ಕಥೆಯ ಪೀಟರ್ಸನ್ ಸಾಹೇಬನಲ್ಲಿ ಸ್ಯಾಂಡರ್ಸನ್‌ನ ಛಾಯೆಯನ್ನು ಗುರುತಿಸುವವರಿದ್ದಾರೆ. ಕಥೆ ನಡೆಯುವುದು ಗಾರೋ ಬೆಟ್ಟಗಳಲ್ಲಿ. ಆದರೆ ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ಇದನ್ನು ‘ಎಲಿಫೆಂಟ್ ಬಾಯ್’ (1937) ಚಿತ್ರವಾಗಿಸಿದಾಗ ಕ್ಯಾಮೆರಾ ಬಂದದ್ದು ಮೈಸೂರಿಗೆ, ನಾಯಕನಾದದ್ದು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಇರುಳಿನಲ್ಲಿ ಮನುಷ್ಯರು ಕಾಣದ ಎಡೆಯಲ್ಲಿ ಆನೆಗಳು ಕುಣಿಯುತ್ತವೆ, ಅದನ್ನು ಕಂಡವನು ಒಬ್ಬ ಹುಡುಗ ಮಾತ್ರ ಎಂಬುದು ಕಿಪ್ಲಿಂಗ್‌ನ ಕಲ್ಪನೆ. ಅಲ್ಲಿಯೂ ಬಾಲಕನೊಬ್ಬನೇ ಕಾಡಿನ ಸ್ವಂತ ಬದುಕಿಗೆ ಸಾಕ್ಷಿ ಎಂಬುದನ್ನು ‘ಕಾಡು’ವಿನ ಕಿಟ್ಟಿಯೊಡನೆ ಇಟ್ಟು ನೋಡಬೇಕು. ವ್ಯತ್ಯಾಸವೆಂದರೆ ತೂಮಾಯಿ ಕಂಡದ್ದು ಸಾಹೇಬನ ಮೆಚ್ಚುಗೆಗೆ ಪಾತ್ರವಾಗಿ ಅವನು ಆನೆ ಹಿಡಿಯುವವರ ಸಾಲಿಗೆ ಸೇರುತ್ತಾನೆ. ಕಾಡಿನ ಗುಟ್ಟು ಸಾಮ್ರಾಜ್ಯದ ಸೇವೆಗೆ ಸಲ್ಲುತ್ತದೆ.

ಇದೇ ಸೀಮೆಯ ಇನ್ನೊಂದು ಮೂಲೆಯಲ್ಲಿ, ಕೃಷ್ಣರಾಜನಗರ ತಾಲ್ಲೂಕಿನ ಕಾವೇರಿ ದಂಡೆಯ ಕಪ್ಪಡಿಯಲ್ಲಿ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆಯಿದೆ. ಶಿವರಾತ್ರಿಯಿಂದ ಆರಂಭವಾಗುವ ಜಾತ್ರೆಗೆ ಬರುವ ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿಯ ಬಿರುದು ‘ಧರೆಗೆ ದೊಡ್ಡವರು’ ಎಂಬುದು. ದೊಡ್ಡತನದ ಅಳತೆಗೋಲು ಇಲ್ಲಿ ಸ್ವರ್ಗವಲ್ಲ, ಅರಮನೆಯೂ ಅಲ್ಲ, ಧರೆ. ಗದ್ದುಗೆಯಲ್ಲಿರುವವನು ಒಕ್ಕಲಿನವರ ಪಾಲಿಗೆ ಸತ್ತವನಲ್ಲ, ನೆಲದಲ್ಲಿ ಐಕ್ಯನಾಗಿ ಇನ್ನೂ ಕೇಳಿಸಿಕೊಳ್ಳುತ್ತಿರುವವನು. ಹಾಡುಗಾರ ಅವನನ್ನು ಕರೆಯುತ್ತಾನೆ, ಹಿಮ್ಮೇಳ ಓಗೊಡುತ್ತದೆ. ಶಿಷ್ಟ ಸಾಹಿತ್ಯದಲ್ಲಿ ರೂಪಕವಾಗಿ ಉಳಿದದ್ದು ಇಲ್ಲಿ ಪ್ರದರ್ಶನದ ವಿನ್ಯಾಸವೇ ಆಗಿದೆ. ಜನಪದ ಮಹಾಕಾವ್ಯಗಳ ಅಧ್ಯಯನ ಪಠ್ಯಸಂಗ್ರಹದ ಹಂತದಲ್ಲೇ ಹೆಚ್ಚಾಗಿ ನಿಂತಿರುವುದರಿಂದ ಈ ವಿನ್ಯಾಸ ನಮ್ಮ ಸಾಹಿತ್ಯ ಮೀಮಾಂಸೆಗೆ ಬಂದಿಲ್ಲ.

ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕುರಿತು ಒಂದು ಮಾತು. ಕಾಫಿ, ಏಲಕ್ಕಿ ತೋಟಗಳ ಬದುಕನ್ನು ತೇಜಸ್ವಿಯವರಂತಹ ಕಾದಂಬರಿಕಾರರು ಕಟ್ಟಿಕೊಟ್ಟಿದ್ದಾರೆ. ಈ ತಾಲ್ಲೂಕುಗಳ ಹಗುರ ಮಣ್ಣಿನಲ್ಲಿ ಬೆಳೆದು, ಬ್ಯಾರನ್‌ಗಳಲ್ಲಿ ಸೌದೆಯ ಕಾವಿನಿಂದ ಹದಗೊಂಡು, ಹರಾಜುಕಟ್ಟೆಯಿಂದ ಪರದೇಶಗಳಿಗೆ ಹೋಗುವ ವರ್ಜೀನಿಯಾ ತಂಬಾಕಿಗೆ ಅಂತಹ ಕಥನಭಾಗ್ಯ ಒದಗಿಲ್ಲ. ಮರವನ್ನು ಸುಟ್ಟು ಎಲೆಯನ್ನು ಹದಗೊಳಿಸುವ ಈ ಕೃಷಿಯೇ ಇಲ್ಲಿನ ಒಕ್ಕಲುಮಕ್ಕಳಿಗೂ ಕಾಡಿಗೂ ಇರುವ ಇಂದಿನ ನಂಟಿನ ನಿಜವಾದ ಸ್ವರೂಪ.

ಈ ಚರ್ಚೆಯ ಅಗತ್ಯ ಶುದ್ಧ ಸಾಹಿತ್ಯಕವಾದುದಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬರು, ಕಾಡುಕುರುಬರು, ಯರವರು ಹಾಡಿಗಳಿಂದ ಹೊರಬಂದರು. ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳು ತಲೆಯೆತ್ತಿದವು. ಪ್ರೊ. ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯಲ್ಲಿ ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ನಿರಾಶ್ರಿತ ಕುಟುಂಬಗಳ ಸಂಖ್ಯೆಯನ್ನು 3,418 ಎಂದು ಗುರುತಿಸಿತು. ಇದೇ ಕಾಡಿನೊಳಗೆ ತಾರಾ ಹೋಟೆಲೊಂದಕ್ಕೆ ಜಾಗ ಕೊಡುವ ಯತ್ನವೂ ನಡೆದು, ಗಿರಿಜನರ ಹೋರಾಟದ ನಂತರ 1997ರಲ್ಲಿ ನ್ಯಾಯಾಲಯದಿಂದ ಅದಕ್ಕೆ ತಡೆ ಬಿದ್ದಿತು. ಮನುಷ್ಯರಿಲ್ಲದ ಕಾಡೇ ಶುದ್ಧವಾದ ಕಾಡು ಎಂಬ ಕಲ್ಪನೆ ಆಡಳಿತದಲ್ಲಿ ಮಾತ್ರ ಹುಟ್ಟಿದ್ದಲ್ಲ. ನಿರ್ಮಾನುಷ ನಿಸರ್ಗವನ್ನು ರಸಸ್ಥಾನವೆಂದು ಕೊಂಡಾಡುತ್ತ ಬಂದ ನಮ್ಮ ಕಾವ್ಯಾಭಿರುಚಿಯೂ ಅದಕ್ಕೆ ಮನಸ್ಸಿನ ನೆಲವನ್ನು ಹದಗೊಳಿಸಿತು ಎನ್ನದೆ ವಿಧಿಯಿಲ್ಲ. ಭೂಮಿ ಜೀವಂತ ಎಂದು ಒಪ್ಪಿ, ಅದರ ಕರೆಗೆ ಓಗೊಡುತ್ತಿದ್ದವರನ್ನು ಅದರ ರಕ್ಷಣೆಯ ಹೆಸರಿನಲ್ಲೇ ಹೊರಗೆ ಕಳಿಸುವುದು ಸಾಧ್ಯವಾದದ್ದು ಆ ಸಜೀವತೆಯನ್ನು ಮೂಕವೆಂದು ತಿಳಿದದ್ದರಿಂದ. ಹುಲಿ, ಆನೆಗಳಿಗೆ ತಾವು ಬೇಕೆಂಬ ಸಂರಕ್ಷಣಾ ವಿಜ್ಞಾನದ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವಾದಕ್ಕೆ ಸಾಹಿತ್ಯದಿಂದ ಎರವಲು ಪಡೆದ ನಿರ್ಜನತೆಯ ಮೋಹ ಬೇಕಿಲ್ಲ.

‘ಕಾಕನಕೋಟೆ’ಯನ್ನು ಸಿ. ಆರ್. ಸಿಂಹ ಅವರು ಚಲನಚಿತ್ರವಾಗಿ ತೆರೆಗೆ ತಂದದ್ದು 1977ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1974ರಲ್ಲಿ, ಕಬಿನಿ ಅಣೆಕಟ್ಟು ಪೂರ್ಣಗೊಂಡು ಖೆಡ್ಡಾ ನಡೆಯುತ್ತಿದ್ದ ನದೀತೀರ ನೀರಿನಡಿ ಸೇರಿತ್ತು. ಪ್ರೇಕ್ಷಕರು ತೆರೆಯ ಮೇಲೆ ಆ ಹೆಸರನ್ನು ಕೇಳುವಾಗ ನೆಲ ಮುಳುಗಿಯಾಗಿತ್ತು. ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಆ ಬಯಲಲ್ಲಿ ಎಳೆಹುಲ್ಲು ಚಿಗುರಿ ಆನೆಗಳು ಹಿಂಡುಗಟ್ಟಿ ಇಳಿದು ಬರುತ್ತವೆ. ನೋಡಲು ಪ್ರವಾಸಿಗರು ದೋಣಿಗಳಲ್ಲಿ ಬರುತ್ತಾರೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಮಗ್ಗುಲಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಹಲವು ಜೇನುಕುರುಬ ಕುಟುಂಬಗಳು, 2006ರ ಅರಣ್ಯಹಕ್ಕು ಕಾಯಿದೆಯನ್ನು ಮುಂದಿಟ್ಟು, ತಮ್ಮ ಹಿರಿಯರ ನೆಲೆ, ತಮ್ಮ ದೇವರ ತಾಣ ಅಲ್ಲಿದೆಯೆಂದು ಹೇಳಿ ಮರಳಿ ಹೋಗಿ ಗುಡಿಸಲು ಕಟ್ಟಿದವು.