ಗುಂಡಿ ಕಿತ್ತುಬಂದ ಕೋಟು

ಪೀಟರ್ ಮೊಲದ ಪ್ರಾಣಕ್ಕೆ ಕುತ್ತು ತಂದದ್ದು ಅದು ತೊಟ್ಟಿದ್ದ ನೀಲಿ ಕೋಟು. ಮೆಕ್‌ಗ್ರೆಗರ್‌ನ ತೋಟದಲ್ಲಿ ಕದ್ದು ಮೂಲಂಗಿ ಮೇಯುತ್ತಿದ್ದ ಪೀಟರನ್ನು ಅವನು ಅಟ್ಟಿಸಿಕೊಂಡು ಬರುತ್ತಾನೆ. ಮೊದಲು ಬೂಟು ಕಳಚಿಬೀಳುತ್ತವೆ. ನಾಲ್ಕು ಕಾಲಲ್ಲಿ ಓಡಲು ಶುರುಮಾಡಿದ್ದೇ ತಡ, ಮೊಲದ ವೇಗ ಹೆಚ್ಚುತ್ತದೆ. ಆಮೇಲೆ ಕೋಟಿನ ಹಿತ್ತಾಳೆ ಗುಂಡಿಗಳು ಗಿಡಕ್ಕೆ ಹೊದಿಸಿದ್ದ ಬಲೆಗೆ ಸಿಕ್ಕಿಕೊಳ್ಳುತ್ತವೆ. ಕೋಟು ಬಿಟ್ಟರೆ ಬದುಕು, ಬಿಡದಿದ್ದರೆ ಅಪ್ಪನಿಗಾದ ಗತಿ: ಮೆಕ್‌ಗ್ರೆಗರ್ ಮನೆಯ ಕಡುಬಿನ ಹೂರಣ. ಕೊನೆಗೆ ಆ ಕೋಟು, ಆ ಬೂಟು ತೋಟದ ಬೆರ್ಚಪ್ಪನ ಪಾಲಾಗುತ್ತವೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಮಲಗಿದ್ದ ಹುಡುಗನೊಬ್ಬನಿಗೆ ಪತ್ರದಲ್ಲಿ ಚಿತ್ರ ಬರೆದು ಹೇಳಿದ ಕತೆ ಇದು. 1902ರಲ್ಲಿ ಅಂಗಡಿಗೆ ಬಂತು. ಪೀಟರ್ ಎಂಬುದು ಅವರು ಸಾಕಿದ್ದ ಮೊಲದ ಹೆಸರು.

ಸಾಕಿದ ಪ್ರಾಣಿ ಮನುಷ್ಯನಾಗುವ ಚಿತ್ರಪುಸ್ತಕಗಳ ದೊಡ್ಡ ಪರಂಪರೆಯೇ ಪಶ್ಚಿಮದಲ್ಲಿದೆ. ಅದರಲ್ಲಿ ನನಗೆ ಹಿಡಿಸುವ ಪುಸ್ತಕಗಳೆಲ್ಲ ಈ ಗುಂಡಿಯ ಸುತ್ತಲೇ ತಿರುಗುತ್ತವೆ. ಉಡುಪು ಮೈಗೆ ಅಚ್ಚುಕಟ್ಟಾಗಿ ಕೂತುಬಿಟ್ಟರೆ ಅಲ್ಲಿಗೆ ನಗು ಮುಗಿಯಿತು, ಉಪದೇಶ ಶುರುವಾಯಿತು. ಪಾಟರ್ ಅವರ 1907ರ ಟಾಮ್ ಕಿಟನ್ ಕತೆಯನ್ನೇ ನೋಡಿ. ಚಹಾಕ್ಕೆ ನೆಂಟರು ಬರುತ್ತಾರೆಂದು ತಾಯಿಬೆಕ್ಕು ಮೂರೂ ಮರಿಗಳ ಮುಖ ತಿಕ್ಕಿ, ಬಾಚಿ, ಬಿಗಿಯಾದ ಬಟ್ಟೆ ತೊಡಿಸುತ್ತದೆ. ಟಾಮ್ ಕೊಬ್ಬಿ ಬೆಳೆದಿದ್ದಾನೆ. ಗುಂಡಿ ಪಟಪಟ ಕಿತ್ತುಬರುತ್ತವೆ. ಕಳಚಿಬಿದ್ದ ಬಟ್ಟೆಯನ್ನು ದಾರಿಹೋಕ ಬಾತುಗಳು ತೊಟ್ಟುಕೊಂಡು ಹೋಗುತ್ತವೆ. ನೆಂಟರ ಮುಂದೆ ತಾಯಿ ಏನು ಹೇಳಬೇಕು? ಮಕ್ಕಳಿಗೆ ದಡಾರ, ಮಲಗಿವೆ ಎನ್ನುತ್ತದೆ. ಅಷ್ಟರಲ್ಲೇ ಮಹಡಿಯ ಮೇಲಿಂದ ಧಡಬಡ ಸದ್ದು. ಮದುವೆಮನೆಗೆ ಹೊರಡುವ ಮುನ್ನ ಮಗುವಿಗೆ ಜರಿ ಅಂಗಿ ತೊಡಿಸಲು ಹೆಣಗಿದವರಿಗೆ ಈ ಬೆಕ್ಕುಗಳು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕನ್ನಡಕ್ಕೊಂದು ಸ್ವಾರಸ್ಯವಿದೆ. ಪಾಟರ್ ಅವರ ಇಂಗ್ಲಿಷಿನಲ್ಲಿ ಇಲಿಯೂ ಗಂಡಸಾಗಬಹುದು, ಬೆಕ್ಕೂ ಹೆಂಗಸಾಗಬಹುದು. ನಮ್ಮಲ್ಲಿ ಪ್ರಾಣಿ ‘ಬಂತು’, ಮನುಷ್ಯ ‘ಬಂದ’. ಕ್ರಿಯಾಪದದ ಬಾಲದಲ್ಲೇ ತೀರ್ಪು ಕೊಡಬೇಕು. ಟಾಮ್ ‘ಬೆಳೆದಿದ್ದಾನೆ’, ತಾಯಿ ‘ತೊಡಿಸುತ್ತದೆ’ ಎಂದು ಮೇಲೆ ನಾನೇ ಎಡವಿದ್ದೇನೆ. 1905ರ ಮಿಸೆಸ್ ಟಿಗ್ಗಿ-ವಿಂಕಲ್ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳಲು ಹೊರಟರೆ ಕಷ್ಟ ಇನ್ನೂ ಹೆಚ್ಚು. ಆಕೆ ಬೆಟ್ಟದೊಳಗಿನ ಅಡುಗೆಮನೆಯಲ್ಲಿ ಇಸ್ತ್ರಿ ಮಾಡುವ ಅಗಸಗಿತ್ತಿ. ಟೋಪಿಯಡಿಯಿಂದ ಮುಳ್ಳು ಇಣುಕುತ್ತವೆ. ಕೊನೆಯ ಪುಟದಲ್ಲಿ ಟೋಪಿ ಇಲ್ಲ, ಲಂಗ ಇಲ್ಲ, ಗುಡ್ಡ ಹತ್ತಿ ಓಡುವ ಪುಟ್ಟ ಕಂದು ಮುಳ್ಳಿನ ಪ್ರಾಣಿ ಮಾತ್ರ. ಪಾಟರ್ ಆಗಲೂ ಹೆಣ್ಣಿನ ಸರ್ವನಾಮ ಬಿಡುವುದಿಲ್ಲ. ಕನ್ನಡದಲ್ಲಿ ‘ಇಸ್ತ್ರಿ ಮಾಡುತ್ತಿದ್ದಳು’ ಎಂದವರು ‘ಓಡಿಹೋಯಿತು’ ಎನ್ನಬೇಕೇ? ಎಂದರೆ ಗುಟ್ಟು ಒಡೆಯಿತು, ಅನ್ನದಿದ್ದರೆ ಕತೆಯೇ ಇಲ್ಲ. ನಮ್ಮ ಪುಣ್ಯಕೋಟಿಗೆ ಈ ತೊಡಕೇ ಇರಲಿಲ್ಲ. ಮಾತಾಡಿತು, ಕೊಟ್ಟ ಮಾತು ಉಳಿಸಿಕೊಂಡಿತು, ಆದರೆ ಯಾರೂ ಅದಕ್ಕೆ ಸೀರೆ ಉಡಿಸಲಿಲ್ಲ.

ಉಡುಪು ಸರಿಯಾಗಿ ಕೂತ ಪುಸ್ತಕವೆಂದರೆ ಬಾಬಾರ್. ಫ್ರಾನ್ಸಿನ ಜೀನ್ ದ ಬ್ರುನಾಫ್ 1931ರಲ್ಲಿ ತಂದ ಈ ಆನೆ, ಬೇಟೆಗಾರನಿಗೆ ತಾಯಿಯನ್ನು ಕಳೆದುಕೊಂಡು ಪಟ್ಟಣಕ್ಕೆ ಓಡಿಬರುತ್ತದೆ. ಶ್ರೀಮಂತ ಮುದುಕಿಯೊಬ್ಬಳ ದುಡ್ಡಿನಲ್ಲಿ ಹಸಿರು ಸೂಟು ಕೊಳ್ಳುತ್ತದೆ, ಕಾಡಿಗೆ ಮರಳಿ ರಾಜನಾಗುತ್ತದೆ. ಅಂಗಡಿಯ ಲಿಫ್ಟಿನಲ್ಲಿ ಹತ್ತು ಸಲ ಮೇಲೆ, ಹತ್ತು ಸಲ ಕೆಳಗೆ ಓಡಾಡುವ ಪುಟ ಸೊಗಸಾಗಿದೆ. ಅಲ್ಲಿ ಬಾಬಾರ್ ಇನ್ನೂ ಆನೆ, ಇನ್ನೂ ಮಗು. ಸೂಟು ತೊಟ್ಟ ಮೇಲೆ ಮಾತ್ರ ನನಗೆ ಅವನ ಮೇಲೆ ಆಸೆ ಉಳಿಯಲಿಲ್ಲ. ಚಿಲಿಯ ಲೇಖಕ ಏರಿಯಲ್ ಡಾರ್ಫ್‌ಮನ್ ಇದರಲ್ಲಿ ವಸಾಹತುಶಾಹಿಯ ಕತೆ ಕಂಡರು. ಒಪ್ಪುತ್ತೇನೆ. ಆದರೆ ನನ್ನ ತಕರಾರು ಇನ್ನೂ ಸಣ್ಣದು: ಆ ಸೂಟಿನ ಒಂದು ಗುಂಡಿಯಾದರೂ ಕಿತ್ತುಬರಬಾರದಿತ್ತೇ?

ಅಮೆರಿಕದ ಸೂಸನ್ ಮೆಡ್ಡೊ ಬಟ್ಟೆಯ ಗೋಜಿಗೇ ಹೋಗಲಿಲ್ಲ. 1992ರ ಅವರ ಮಾರ್ಥಾ ಎಂಬ ನಾಯಿ ಅಕ್ಷರದಾಕಾರದ ಶಾವಿಗೆಯ ಸೂಪು ಕುಡಿಯುತ್ತದೆ. ಅಕ್ಷರಗಳು ಹೊಟ್ಟೆಗಿಳಿಯದೆ ಮಿದುಳಿಗೇರುತ್ತವೆ. ನಾಯಿ ಮಾತಾಡತೊಡಗಿ ನಿಲ್ಲಿಸುವುದೇ ಇಲ್ಲ, ಮನೆಮಂದಿ ಸುಸ್ತು. ಮಾತು ಬಂದರೂ ಬಾಯಿ ನಾಯಿಯದೇ.

ಆಂಥನಿ ಬ್ರೌನ್ ಮಾತ್ರ ಈ ಆಟವನ್ನು ಎರಡೂ ಕಡೆಯಿಂದ ಆಡಿದವರು. 1986ರ ಪಿಗ್ಗಿಬುಕ್‌ನಲ್ಲಿ ಗಂಡ, ಇಬ್ಬರು ಗಂಡುಮಕ್ಕಳು ಕೂತಲ್ಲೇ ಊಟ ಕೇಳುತ್ತಾರೆ. ಅಮ್ಮ ಮನೆಬಿಟ್ಟು ಹೋದಮೇಲೆ ಹಂದಿಗಳಾಗುತ್ತಾರೆ. ಅದಕ್ಕೂ ಮುಂಚೆಯೇ ಗೋಡೆಕಾಗದದ ಹೂವು, ಲೈಟಿನ ಸ್ವಿಚ್ಚು ಹಂದಿಮುಖ ತಾಳತೊಡಗಿರುತ್ತವೆ. ಕನ್ನಡದ ಹೆಂಗಸರಿಗೆ ಈ ವ್ಯಾಕರಣ ಹೊಸದಲ್ಲ. ಸಿಟ್ಟು ಬಂದಾಗ ‘ಬಂತು ನೋಡು ಆಫೀಸಿಂದ’ ಎಂದು ಯಜಮಾನರನ್ನು ನಪುಂಸಕಲಿಂಗಕ್ಕೆ ಇಳಿಸುವುದು ಎಷ್ಟು ಮನೆಗಳಲ್ಲಿಲ್ಲ! ಆದರೆ ಪುಸ್ತಕದ ಕೊನೆಯಲ್ಲಿ ಗಂಡಸರು ತಿದ್ದಿಕೊಂಡು ಅಡುಗೆಗೆ ನಿಲ್ಲುವುದು ತೀರಾ ಸಲೀಸಾಯಿತು. ಅಂಥ ಹಂದಿಗಳು ಅಷ್ಟು ಬೇಗ ಮನುಷ್ಯರಾಗುವುದನ್ನು ನಾನು ಕಂಡಿಲ್ಲ.

ಅವರ 1977ರ ಪುಸ್ತಕವೊಂದರಲ್ಲಿ ಇಬ್ಬರು ಹಿರಿಯರು, ಒಬ್ಬ ಸಿರಿವಂತೆ ತಾಯಿ, ಒಬ್ಬ ಬಡ ತಂದೆ, ತಂತಮ್ಮ ಮಗುವನ್ನೂ ನಾಯಿಯನ್ನೂ ಪಾರ್ಕಿಗೆ ಕರೆದೊಯ್ಯುತ್ತಾರೆ. 1998ರಲ್ಲಿ ಅದೇ ಕತೆಯನ್ನು ಮತ್ತೆ ಬರೆದಾಗ ಮನುಷ್ಯರೆಲ್ಲ ಬಟ್ಟೆ ತೊಟ್ಟ ವಾನರರಾಗಿದ್ದರು. ನಾಯಿಗಳು ನಾಯಿಗಳಾಗೇ ಉಳಿದಿದ್ದವು. ತಾಯಿಯ ಟೋಪಿಯ ಆಕಾರ ಮಗನ ಲೋಕದ ಮೋಡದಲ್ಲೂ ಮರದಲ್ಲೂ ಮೂಡುತ್ತದೆ. ಹಿರಿಯರು ಬೆಂಚಿನ ಎರಡು ತುದಿ ಹಿಡಿದಿರುವಾಗ ನಾಯಿಗಳು ಜೊತೆಗೂಡಿ ಓಡಾಡುತ್ತಿರುತ್ತವೆ.

ನಮ್ಮಲ್ಲಿ ಮಗುವೂ ‘ಅದು’ ತಾನೇ. ಮಗು ಮಲಗಿದೆ, ಬೆಕ್ಕು ಮಲಗಿದೆ. ಇವನು, ಇವಳು ಎನ್ನಿಸಿಕೊಳ್ಳುವ ಮುಂಚೆ ಅವೆರಡೂ ಒಂದೇ ಕ್ರಿಯಾಪದದ ಮನೆಯಲ್ಲಿರುತ್ತವೆ. ಬ್ರೌನ್ ಅವರ 1983ರ ಗೊರಿಲ್ಲಾ ಪುಸ್ತಕವನ್ನು ನಮ್ಮ ಅಕ್ಕನ ಮಗಳಿಗೆ ಓದುವಾಗ ನನಗೆ ಇದು ಹೊಳೆಯಿತು. ಅಪ್ಪನಿಗೆ ಪುರುಸೊತ್ತಿಲ್ಲ. ಹುಟ್ಟುಹಬ್ಬಕ್ಕೆ ಕತೆಯ ಹುಡುಗಿ ಹನ್ನಾಳಿಗೆ ಸಿಕ್ಕಿದ್ದು ಆಟಿಕೆ ಗೊರಿಲ್ಲಾ. ರಾತ್ರಿ ಅದು ಬೆಳೆದು ನಿಜದ ಗೊರಿಲ್ಲಾ ಆಗಿ, ಅಪ್ಪನ ಕೋಟು, ಟೋಪಿ ಹಾಕಿಕೊಂಡು ಅವಳನ್ನು ಸುತ್ತಾಡಿಸುತ್ತದೆ. ಕೋಟು ಸರಿಯಾಗಿ ಕೂರುತ್ತದೆ! ನನ್ನ ಸೂತ್ರ ಮುರಿದದ್ದು ಇಲ್ಲೇ. ‘ಕೋಟು ಹಾಕಿಕೊಂಡಿತು’ ಎಂದು ಓದಿದೆ. ಅಕ್ಕನ ಮಗಳು ತಕ್ಷಣ, ‘ಹಾಕ್ಕೊಂಡಿತು ಅಲ್ಲ ಮಾಮ, ಹಾಕ್ಕೊಂಡ’ ಎಂದಳು. ಯಾಕೆ ಎಂದೆ. ಕೊನೆಯ ಪುಟಗಳಿಗೆ ಹಾರಿ, ಬೆಳಗಾದ ಮೇಲೆ ಮಗಳನ್ನು ಮೃಗಾಲಯಕ್ಕೆ ಕರೆದೊಯ್ಯಲು ನಿಂತ ಅಪ್ಪನ ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಬೆರಳಿಟ್ಟಳು. ಅದರಿಂದ ಒಂದು ಬಾಳೆಹಣ್ಣು ಇಣುಕುತ್ತಿತ್ತು.