ಉಟ್ಟ ಬಟ್ಟೆಯ ಸಾಕ್ಷ್ಯ: 'ತಾಯಿ ಸಾಹೇಬ' ಮತ್ತು ಗಡಿಭಾಗದ ಉಡುಪಿನ ಚರಿತ್ರೆ

ಗತಕಾಲವನ್ನು ಚಿತ್ರಿಸುವ ಕನ್ನಡ ಚಲನಚಿತ್ರಗಳ ವಿಮರ್ಶೆಯಲ್ಲಿ ಕಥೆ, ಅಭಿನಯ, ಸಂಗೀತಗಳ ಚರ್ಚೆ ಮುಗಿದ ಮೇಲೆ ವೇಷಭೂಷಣಕ್ಕೆ ಒಂದು ವಾಕ್ಯ ಮೀಸಲಾಗಿರುತ್ತದೆ. 'ಕಾಲಕ್ಕೆ ತಕ್ಕಂತಿದೆ' ಎಂಬುದೇ ಆ ವಾಕ್ಯ. ಯಾವ ಕಾಲ, ಯಾವ ಸೀಮೆ, ಯಾವ ಸಮುದಾಯ, ಅದಕ್ಕೆ ಆಧಾರವೇನು ಎಂದು ಯಾರೂ ಕೇಳುವುದಿಲ್ಲ. 1997ರ 'ತಾಯಿ ಸಾಹೇಬ' ಚಿತ್ರಕ್ಕೆ ರಾಷ್ಟ್ರೀಯ ಮಟ್ಟದಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ದೊರೆತಾಗ, ವಸ್ತ್ರವಿನ್ಯಾಸಕ್ಕಾಗಿ ವೈಶಾಲಿ ಕಾಸರವಳ್ಳಿ ಅವರಿಗೂ ಕಲಾನಿರ್ದೇಶನಕ್ಕಾಗಿ ರಮೇಶ್ ದೇಸಾಯಿ ಅವರಿಗೂ ಪ್ರಶಸ್ತಿ ಸಂದಿತು. ಆ ಬಳಿಕವಾದರೂ ನಮ್ಮ ವಿಮರ್ಶೆ ಬಟ್ಟೆಯನ್ನು ಸಾಕ್ಷ್ಯವೆಂದು ಓದಲು ಕಲಿಯಬೇಕಾಗಿತ್ತು. ಕೃಷ್ಣಾ ತೀರದ ಶಿರಗುಪ್ಪಿಯಂತಹ ಊರಿನಿಂದ ನೋಡಿದಾಗ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಏಕೆಂದರೆ ಆ ಚಿತ್ರದ ಜನರು ಉಟ್ಟದ್ದು ಹೆಚ್ಚುಕಡಿಮೆ ನಮ್ಮ ಹಿರಿಯರ ಬಟ್ಟೆಗಳನ್ನೇ.

ಇದೇ ಜಿಲ್ಲೆಯ ಕಿತ್ತೂರಿನ ಕಥೆ ಎರಡು ಸಲ ದೊಡ್ಡ ಪ್ರಮಾಣದಲ್ಲಿ ತೆರೆಗೆ ಬಂದಿದೆ. ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂದದ್ದು 1961ರಲ್ಲಿ. ನಾಗಣ್ಣ ಅವರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' 2012ರಲ್ಲಿ. ಅರ್ಧ ಶತಮಾನದ ಅಂತರವಿದ್ದರೂ ಎರಡರಲ್ಲಿಯೂ ಉಡುಪಿನ ಮೊದಲ ಕೆಲಸ ಪಾತ್ರದ ಘನತೆಯನ್ನು ಸಾರುವುದು. ಇದು ಕಂಪನಿ ನಾಟಕದ ಪೆಟ್ಟಿಗೆಯಿಂದ ಬಂದ ಬಳುವಳಿ. ಮಖಮಲ್ಲು, ಜರಿಗಳ ಹೊಳಪಿನಿಂದಲೇ ಕೊನೆಯ ಸಾಲಿನ ಪ್ರೇಕ್ಷಕನೂ ದೊರೆ ಯಾರೆಂದು ಗುರುತಿಸಬೇಕಾಗಿತ್ತು. 1824ರ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ತೊಟ್ಟ ಸಮವಸ್ತ್ರವನ್ನು ಸೈನ್ಯದ ನಿಯಮಾವಳಿಗಳಿಂದಲೇ ಪುನಾರಚಿಸಬಹುದು. ಎದುರು ನಿಂತ ರೈತನ ರುಮಾಲಿಗೂ ಹೆಗಲ ಕಂಬಳಿಗೂ ಅಂತಹ ನಿಯಮಾವಳಿ ಇರಲಿಲ್ಲ. ಹೀಗಾಗಿ ಸೋತವರ ಕಡೆಯ ಉಡುಪೇ ಹೆಚ್ಚಾಗಿ ಕಲ್ಪನೆಗೆ ಬಿಟ್ಟುಹೋಗುತ್ತದೆ. ರಾಯಣ್ಣನಂತಹ ಕುರುಬರ ಮನೆಯ ವೀರನ ವಿಷಯದಲ್ಲಿ ಇದು ಸಣ್ಣ ಲೋಪವೇನಲ್ಲ. ಡೆಕ್ಕನಿ ಕುರಿಯ ಉಣ್ಣೆಯ ಕಂಬಳಿ ಇಂದಿಗೂ ಕೈಮಗ್ಗದಲ್ಲಿ ನೇಯಲ್ಪಡುತ್ತಿದೆ. ಹುಡುಕುವವನಿಗೆ ಆಧಾರ ತೀರ ದೂರದಲ್ಲಿಲ್ಲ.

'ತಾಯಿ ಸಾಹೇಬ'ದಲ್ಲಿ ರಾಜನೂ ಇಲ್ಲ, ರಣರಂಗವೂ ಇಲ್ಲ. ರಂ. ಶಾ. ಲೋಕಾಪುರ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಈ ಚಿತ್ರ, ಸ್ವಾತಂತ್ರ್ಯಪೂರ್ವದಿಂದ ಸ್ವಾತಂತ್ರ್ಯೋತ್ತರ ವರ್ಷಗಳವರೆಗೆ ಒಂದು ಜಮೀನುದಾರ ಮನೆತನವನ್ನು ಹಿಂಬಾಲಿಸುತ್ತದೆ. ಆದ್ದರಿಂದ ಇದನ್ನು 'ಐತಿಹಾಸಿಕ' ಎಂದು ಕರೆಯುವವರು ಕಡಿಮೆ. ಆದರೆ ಉಡುಪಿನ ಸತ್ಯಾಸತ್ಯತೆಯ ಪರೀಕ್ಷೆ ಇಲ್ಲಿಯೇ ಹೆಚ್ಚು ಕಠಿಣವಾಗಿತ್ತು. 1824ರ ಉಡುಪನ್ನು ಕಂಡವರು ಯಾವ ಚಿತ್ರಮಂದಿರದಲ್ಲಿಯೂ ಇರುವುದಿಲ್ಲ. 1940ರ ದಶಕದಲ್ಲಿ ಹದಿನೆಂಟು ಮೊಳದ ಸೀರೆ ಉಟ್ಟವರು 1997ರಲ್ಲಿ ಪ್ರೇಕ್ಷಕರಾಗಿಯೇ ಕುಳಿತಿದ್ದರು.

ಚಿತ್ರದ ಅಪ್ಪಾಸಾಹೇಬ ಜಮೀನುದಾರನೂ ಹೌದು, ಸ್ವಾತಂತ್ರ್ಯ ಹೋರಾಟಗಾರನೂ ಹೌದು. ಅಂತಹವನಿಗೆ ಖಾದಿ ಕೇವಲ ಬಟ್ಟೆಯಾಗಿರಲಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನವು ತಿಂಗಳಿಗೆ 2000 ಗಜ ನೂಲನ್ನು ಕಾಂಗ್ರೆಸ್ ಸದಸ್ಯತ್ವದ ಷರತ್ತಾಗಿ ಒಪ್ಪಿತ್ತು. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರನ್ನು ಈ ಸೀಮೆ 'ಖಾದಿ ಭಗೀರಥ'ರೆಂದು ಕರೆಯಿತು. ಆ ಖಾದಿ ದಪ್ಪ, ಏರುತಗ್ಗಿನ ನೂಲಿನದು. ಇಂದಿನ ಅಂಗಡಿಯ ನುಣುಪಾದ ಅಚ್ಚಬಿಳಿ ಖಾದಿಯನ್ನು ತೊಡಿಸಿ ಚಳವಳಿಗಾರನನ್ನು ತೋರಿಸುವ ಚಿತ್ರಗಳು ನನಗೆ ಯಾವಾಗಲೂ ಚುನಾವಣಾ ಸಭೆಯನ್ನು ನೆನಪಿಸುತ್ತವೆ. ಜಯಮಾಲಾ ಅವರು ಅಭಿನಯಿಸಿದ ನರ್ಮದೆಯ ಸೀರೆಯಾದರೋ ಮನೆತನದ ಅಧಿಕಾರವನ್ನೂ ಆ ಅಧಿಕಾರದೊಳಗಿನ ಒಂಟಿತನವನ್ನೂ ಒಟ್ಟಿಗೆ ಹೊತ್ತಿದೆ. ಉಡುಪು ಪಾತ್ರವನ್ನು ಸಿಂಗರಿಸಲು ಹೋಗದೆ, ಆ ಮನೆಯ ಕಂಬ, ಪಡಸಾಲೆಗಳಷ್ಟೇ ಬಳಕೆಯದಾಗಿ ಕಾಣುತ್ತದೆ. ವಸ್ತ್ರಕ್ಕೂ ಕಲಾನಿರ್ದೇಶನಕ್ಕೂ ಒಂದೇ ವರ್ಷ ಪ್ರಶಸ್ತಿ ಬಂದುದರಲ್ಲಿ ಆಶ್ಚರ್ಯವಿಲ್ಲ.

ಇಂತಹ ಕೆಲಸಕ್ಕೆ ಹಳೆಯ ಕುಟುಂಬಗಳ ಭಾವಚಿತ್ರಗಳೇ ಸಾಕೆಂಬ ನಂಬಿಕೆಯೊಂದಿದೆ. ನಮ್ಮ ಗಡಿಭಾಗದಲ್ಲಿ ಅದನ್ನು ಅನುಮಾನದಿಂದಲೇ ಒಪ್ಪಬೇಕು. ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ಪರಂಪರೆಯ ಬಾಲಗಂಧರ್ವರು ಸ್ತ್ರೀಪಾತ್ರದಲ್ಲಿ ಉಟ್ಟ ಸೀರೆಯ ರೀತಿಯನ್ನು ಸ್ಥಿತಿವಂತರ ಮನೆಯ ಹೆಂಗಸರು ಅನುಕರಿಸಿದರೆಂಬುದು ಪ್ರಸಿದ್ಧ. ಹಾಗಾದರೆ ಆ ದಶಕಗಳ ಭಾವಚಿತ್ರದಲ್ಲಿ ನಾವು ಕಾಣುವುದು ಮನೆಯ ಉಡುಗೆಯೋ, ರಂಗದಿಂದ ಇಳಿದು ಬಂದ ಉಡುಗೆಯೋ? ಮೇಲಾಗಿ ಭಾವಚಿತ್ರಕ್ಕೆ ಕುಳಿತವರು ಪೆಟ್ಟಿಗೆಯಿಂದ ತೆಗೆದ ಸೀರೆಯನ್ನು ಉಟ್ಟಿರುತ್ತಿದ್ದರು. ಕಬ್ಬಿನ ಗದ್ದೆಗೆ ಹೋದ ಸೀರೆ ಅಲ್ಲಿ ಸಿಗುವುದಿಲ್ಲ.

ಬಟ್ಟೆಯ ರಚನೆಗಿಂತ ಅದನ್ನು ಉಡುವ ಕ್ರಮ ಬೇಗ ಮರೆಯಾಗುತ್ತದೆ. ಇಲಕಲ್ಲ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ವಿದ್ಯುತ್ ಮಗ್ಗದ ಅನುಕರಣೆಯಲ್ಲಿ ಆ ಕೂಡು ಇಲ್ಲದಿರುವುದನ್ನು ಸಮೀಪದ ಚಿತ್ರಿಕೆ ಬಯಲು ಮಾಡುತ್ತದೆ. ಇದು ನಿವಾರಿಸಬಹುದಾದ ದೋಷ. ಆದರೆ ಒಳಲಂಗದ ಮೇಲೆ ಆರು ಗಜದ ಸೀರೆ ಸುತ್ತಿ, ಸೆರಗಿಗೆ ಪಿನ್ನು ಚುಚ್ಚಿದ ನಟಿಯ ನಡಿಗೆಯನ್ನು ಯಾವ ಅಸಲಿ ಇಲಕಲ್ಲವೂ ತಿದ್ದಲಾರದು. ಕಚ್ಚೆ ಹಾಕಿ ಉಟ್ಟವಳು ನೆಲಕ್ಕೆ ಕೂರುವ, ಸೆರಗನ್ನು ಸೊಂಟಕ್ಕೆ ಸಿಗಿಸಿ ಬಿಂದಿಗೆ ಎತ್ತುವ ರೀತಿಯೇ ಬೇರೆ. ಕಚ್ಚೆ ಹಾಕುವವರು, ಹಾಕದವರು ಒಂದೇ ಓಣಿಯಲ್ಲಿ ಇದ್ದರು. ಅದನ್ನು ಬಲ್ಲ ಅಜ್ಜಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಉಳಿದಿರುವ ಒಂದು ಆಕರದ ಕಡೆ ಸಂಶೋಧಕರ ಗಮನ ಹೋಗಿಲ್ಲವೆಂದೇ ಹೇಳಬೇಕು. ಜರಿಯ ಸೀರೆಗಳು ಬೆಳ್ಳಿಯ ಆಸೆಗೆ ಮಾರಿಹೋದರೂ ನಿತ್ಯದ ಸೀರೆಗಳು ನಮ್ಮಲ್ಲಿ ಕೌದಿಯೊಳಗೆ ಸೇರಿವೆ. ಹರಿದ ಸೀರೆಯ ಮೇಲೆ ಸೀರೆ ಹೊಲಿಯುತ್ತ ಹೋದಂತೆ ಒಳಪದರದಲ್ಲಿ ಎಲ್ಲಕ್ಕಿಂತ ಹಳೆಯದು ಉಳಿಯುತ್ತದೆ. ಶಿರಗುಪ್ಪಿಯ ನಮ್ಮ ಮನೆಯ ಕೌದಿಯೊಂದರ ಹೊಲಿಗೆ ಬಿಚ್ಚಿದಾಗ ಮೂರನೆಯ ಪದರದಲ್ಲಿ ಕಪ್ಪು ಒಡಲಿನ ಇಲಕಲ್ಲದ ತುಂಡೊಂದು ಸಿಕ್ಕಿತು. ಕೆಳಗಿನ ದಡಿ ಸವೆದು ಎರಡು ಸಲ ಬೇರೆ ಬೇರೆ ದಾರದಿಂದ ದುರಸ್ತಿಗೊಂಡಿತ್ತು. ಮೇಲಿನ ದಡಿ ಮಾತ್ರ ಹೊಸದರಂತೆಯೇ ಇತ್ತು.