ಗದಾಯುದ್ಧಕ್ಕೆ ಅರ್ಧ ಗಂಟೆ ಬಿಡಿ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಹಗಲೆಲ್ಲ ಕಾರು ಜೋಡಿಸುವ ಹುಡುಗರು ಜಾತ್ರೆ ಕಾಲ ಬಂತೆಂದರೆ ರಾತ್ರಿ ಪಾಂಡವ, ಕೌರವರಾಗುತ್ತಾರೆ. ಮಂಚನಾಯಕನಹಳ್ಳಿ, ಬೈರಮಂಗಲದ ಕಡೆ ‘ಕುರುಕ್ಷೇತ್ರ’ ನಾಟಕದ ಫ್ಲೆಕ್ಸುಗಳು ಏಳುತ್ತವೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ಭೀಮನಿಗಾಗಿ ಹಾರ್ಮೋನಿಯಂ ಮೇಷ್ಟ್ರು ಕಾದು ಕೂತಿರುತ್ತಾರೆ. ಇಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ, ಅವನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಸೀನರಿ, ಮೇಷ್ಟ್ರು, ದ್ರೌಪದಿ, ಉತ್ತರೆಯರ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲಕ್ಕೂ ಅದೇ ಹಣ.

ಹೆಚ್ಚು ದುಡ್ಡು ಬೀಳುವುದು ಯಾವ ಪಾತ್ರಕ್ಕೆ? ಪಟ್ಟವೇರುವ ಧರ್ಮರಾಯನನ್ನು ಕೇಳುವವರೇ ಕಡಿಮೆ. ಪೈಪೋಟಿಯೆಲ್ಲ ತೊಡೆ ಮುರಿದು ಬೀಳುವ ದುರ್ಯೋಧನನಿಗೆ. ಕೃಷ್ಣ ಅವನ ನಂತರ.

ಸೋತವನ ಮೇಲಿನ ಒಲವು ನಮ್ಮಲ್ಲಷ್ಟೇ ಅಲ್ಲ. ಬೆಲ್ಜಿಯಂನ ವಾಟರ್ಲೂ ಬಯಲಲ್ಲಿ 1815ರ ಕಾಳಗವನ್ನು ಮತ್ತೆ ಆಡಿ ತೋರಿಸುತ್ತಾರೆ. 2015ರಲ್ಲಿ, ಇನ್ನೂರು ವರ್ಷ ತುಂಬಿದಾಗ, ಸುಮಾರು 5,000 ಮಂದಿ ಹಳೆಯ ಸಮವಸ್ತ್ರ ತೊಟ್ಟು ಕಣಕ್ಕಿಳಿದಿದ್ದರು. ಗೆದ್ದವನು ವೆಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಆದರೆ ಜನರ ಕಣ್ಣು ಸೋತ ನೆಪೋಲಿಯನ್ ಮೇಲೆ. ನಮ್ಮಲ್ಲಿ ಈ ಒಲವು ಸಾವಿರ ವರ್ಷ ಹಳೆಯದು. ರನ್ನ ತನ್ನ ಗದಾಯುದ್ಧದಲ್ಲಿ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹಾಡಿದ. ಓದಿದವರ ಎದೆಯಲ್ಲಿ ಉಳಿದವನು ದುರ್ಯೋಧನ.

ವಾಟರ್ಲೂವಿನವರು ಟೋಪಿ, ಗುಂಡಿ, ಬಂದೂಕಿನವರೆಗೂ ಅಂದಿನದನ್ನೇ ಹೊಂದಿಸುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿಯೂ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತ್ತು. ಹಳ್ಳಿಯ ಅಟ್ಟಣೆಗೆ ಅದು ಬೇಕಿಲ್ಲ. ಇಲ್ಲಿ ಹದಿನೆಂಟು ಅಕ್ಷೋಹಿಣಿಯೂ ಕಂದ, ವೃತ್ತಗಳಲ್ಲೇ ಸಾಯುತ್ತದೆ. ಕಣ್ಣಿಗೆ ಕಾಣುವಂಥ ನಿಜವಾದ ಯುದ್ಧ ಒಂದೇ, ಕೊನೆಯದು.

ದುರ್ಯೋಧನ ವೈಶಂಪಾಯನ ಸರೋವರದಿಂದ ಎದ್ದು ಬಂದ ಮೇಲೆ ಹಾರ್ಮೋನಿಯಂ ಸುಮ್ಮನಾಗಬೇಕು, ತಬಲಾ ಒಂದೇ ಸಾಕು. ಬಂಗಾರದ ಬಣ್ಣ ಬಳಿದ ಗದೆ ಹಗುರ. ಅದಕ್ಕೆ ಭಾರ ಕೊಡುವುದು ಪಾತ್ರಧಾರಿಯ ಮೈ. ಬಲ್ಲ ಭೀಮ ಗದೆ ಎತ್ತುವ ಮುಂಚೆ ಮಂಡಿ ಬಗ್ಗಿಸುತ್ತಾನೆ, ಹೊಡೆದ ಮೇಲೆ ತೋಳನ್ನು ತಡವಾಗಿ ಹಿಂದೆಳೆಯುತ್ತಾನೆ. ತಬಲಾದವನ ಕಣ್ಣು ಗದೆಯ ಮೇಲೇ ಇರಬೇಕು. ಪೆಟ್ಟಿಗಿಂತ ಸದ್ದು ಮುಂದಾದರೆ ಯುದ್ಧವೇ ಸುಳ್ಳಾಗುತ್ತದೆ. ಕೃಷ್ಣ ತೊಡೆ ತಟ್ಟುವುದು ಭೀಮನಿಗಷ್ಟೇ ಕಾಣಬೇಕು. ಚಪ್ಪಾಳೆಗಾಗಿ ಜನರ ಕಡೆ ತಿರುಗಿ ತಟ್ಟುವ ಕೃಷ್ಣರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗೀಗ ಈ ದೃಶ್ಯಕ್ಕೇ ಹೊತ್ತಿಲ್ಲ. ಆಸ್ಥಾನದಲ್ಲಿ ಒನ್ಸ್ ಮೋರ್, ಸಂಧಾನದಲ್ಲಿ ಒನ್ಸ್ ಮೋರ್, ನಡುನಡುವೆ ಶಾಲು, ನೋಟಿನ ಹಾರ. ಗದೆ ಎತ್ತುವಷ್ಟರಲ್ಲಿ ಬೆಳಕು ಹರಿದಿರುತ್ತದೆ, ಫಸ್ಟ್ ಶಿಫ್ಟಿನ ಬಸ್ಸು ಬರುವ ಸಮಯ. ತಿಂಗಳುಗಟ್ಟಲೆ ಕಲಿತ ದುರ್ಯೋಧನ ನಾಲ್ಕೇ ಏಟಿಗೆ ಮಲಗುತ್ತಾನೆ.

ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೆ. ಸನ್ಮಾನಗಳನ್ನು ಪರದೆ ಏಳುವ ಮುಂಚೆಯೇ ಮುಗಿಸಿ. ಆಸ್ಥಾನದ ಪದ್ಯಗಳನ್ನು ಅರ್ಧಕ್ಕಿಳಿಸಿ. ನಾಲ್ಕು ಗಂಟೆಗೆ ಸರೋವರದ ಸೀನು ಬಿಡಿ, ಆಮೇಲೆ ಭೀಮ, ದುರ್ಯೋಧನರನ್ನು ಅವಸರಪಡಿಸಬೇಡಿ.